ಶರಣರ ಹೆಸರುಗಳಲ್ಲಿ ಕಾಯಕ ಮತ್ತು ಕುಲ

ವಚನ ಸಂಪುಟಗಳ ಅನುಕ್ರಮಣಿಕೆಯನ್ನು ತೆರೆದ ವಾಚಕರಿಗೆ ಮೊದಲು ಎದುರಾಗುವುದು ಹೆಸರುಗಳ ಒಂದು ಉದ್ದನೆಯ ಸಾಲು. ಅಂಬಿಗರ ಚೌಡಯ್ಯ, ಆಯ್ದಕ್ಕಿ ಮಾರಯ್ಯ, ಕದಿರ ರೆಮ್ಮವ್ವೆ, ಕನ್ನಡಿಕಾಯಕದ ಅಮ್ಮಿದೇವಯ್ಯ, ಕೊಟ್ಟಣದ ಸೋಮಮ್ಮ, ಡೋಹರ ಕಕ್ಕಯ್ಯ, ತುರುಗಾಹಿ ರಾಮಣ್ಣ, ನುಲಿಯ ಚಂದಯ್ಯ, ಬೊಕ್ಕಸದ ಚಿಕ್ಕಣ್ಣ, ಮಡಿವಾಳ ಮಾಚಯ್ಯ, ಮಾದಾರ ಚೆನ್ನಯ್ಯ, ಮೋಳಿಗೆಯ ಮಾರಯ್ಯ, ಸಮಗಾರ ಹರಳಯ್ಯ, ಹಡಪದ ಅಪ್ಪಣ್ಣ - ಹೀಗೆ. 1923ರಲ್ಲಿ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದಂದಿನಿಂದ, 1993ರಲ್ಲಿ ಕರ್ನಾಟಕ ಸರ್ಕಾರವು ಹದಿನೈದು ಸಮಗ್ರ ವಚನ ಸಂಪುಟಗಳನ್ನು ಪ್ರಕಟಿಸಿದವರೆಗೂ ಈ ಹೆಸರುಗಳು ನಾಡಿನ ಕಿವಿಗೆ ಎಷ್ಟು ರೂಢಿಯಾಗಿವೆಯೆಂದರೆ, ಅವುಗಳ ಮುಂದಣ ಪದ ಏನನ್ನು ಹೇಳುತ್ತದೆ ಎಂದು ನಿಂತು ಯೋಚಿಸುವವರು ವಿರಳ. ಆ ಪದ ಶರಣರು ಮಾಡಿದ ಕಾಯಕವನ್ನು ಸೂಚಿಸುತ್ತದೆಯೋ, ಅವರು ಹುಟ್ಟಿದ ಕುಲವನ್ನು ಸೂಚಿಸುತ್ತದೆಯೋ? ಜಾತಿಯನ್ನು ಅಳಿಸಲು ಹೊರಟ ಒಂದು ಮಹಾ ಪ್ರಯತ್ನದ ಜಯಾಪಜಯಗಳೆರಡೂ ಈ ಒಂದು ಪ್ರಶ್ನೆಯಲ್ಲಿ ಅಡಗಿವೆ.

ಮೇಲ್ನೋಟಕ್ಕೆ ಒಂದೇ ಬಗೆಯವೆನಿಸುವ ಈ ಹೆಸರುಗಳನ್ನು ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಅವು ಎರಡು ಪಂಗಡಗಳಾಗಿ ಒಡೆಯುತ್ತವೆ. ‘ನುಲಿಯ’, ‘ಕದಿರ’, ‘ಮೋಳಿಗೆಯ’, ‘ಹಡಪದ’, ‘ಬೊಕ್ಕಸದ’, ‘ಕೊಟ್ಟಣದ’ ಎಂಬಲ್ಲಿ ಷಷ್ಠೀ ವಿಭಕ್ತಿ ಹತ್ತಿರುವುದು ಒಂದು ವಸ್ತುವಿಗೆ ಇಲ್ಲವೆ ಒಂದು ಕೆಲಸಕ್ಕೆ. ಹಗ್ಗದ ನುಲಿ, ನೂಲುವ ಕದಿರು, ಕಟ್ಟಿಗೆಯ ಹೊರೆ, ಎಲೆಯಡಿಕೆಯ ಸಂಚಿ, ಭಂಡಾರ, ಬತ್ತ ಕುಟ್ಟುವ ದುಡಿಮೆ. ‘ಆಯ್ದಕ್ಕಿ’ ಎಂಬುದಂತೂ ಚೆಲ್ಲಿದ ಕಾಳನ್ನು ಆರಿಸಿ ತಂದ ಅಕ್ಕಿಯೇ. ಇವುಗಳಿಗೆ ಎದುರಾಗಿ ‘ಅಂಬಿಗರ’, ‘ಜೇಡರ’ ಎಂಬಲ್ಲಿ ವಿಭಕ್ತಿ ಹತ್ತಿರುವುದು ಜನರ ಒಂದು ಗುಂಪಿಗೆ; ‘ಮಾದಾರ’, ‘ಡೋಹರ’, ‘ಸಮಗಾರ’, ‘ಮಡಿವಾಳ’ ಎಂಬವು ಆ ಗುಂಪಿಗೆ ಸೇರಿದ ವ್ಯಕ್ತಿಯನ್ನೇ ಹೇಳುವ ನಾಮಪದಗಳು. ಮೊದಲ ಪಂಗಡದ ಹೆಸರು ಮನುಷ್ಯನ ಕೈಯಲ್ಲಿರುವುದನ್ನು ತೋರಿಸುತ್ತದೆ. ಎರಡನೆಯದು ಅವನು ಯಾರ ನಡುವೆ ಹುಟ್ಟಿದನೆಂಬುದನ್ನು ತೋರಿಸುತ್ತದೆ. ಕೈಯಲ್ಲಿರುವುದನ್ನು ಕೆಳಗಿಟ್ಟು ಬೇರೊಂದನ್ನು ಎತ್ತಿಕೊಳ್ಳಬಹುದು. ಹುಟ್ಟನ್ನು ಹಾಗೆ ಮಾಡಲು ಸಮಾಜ ಬಿಡುವುದಿಲ್ಲ.

ಮೊದಲ ಪಂಗಡದ ಹೆಸರುಗಳು ಕುಲಸೂಚಕಗಳಲ್ಲವೆಂಬುದಕ್ಕೆ ಶರಣರ ಚರಿತ್ರೆಗಳೇ ಸಾಕ್ಷಿ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದು, ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆಯನ್ನು ಮಾರಿ ಜಂಗಮದಾಸೋಹ ನಡೆಸಿದರೆಂಬುದು ಐತಿಹ್ಯ. ಐತಿಹ್ಯದ ಐತಿಹಾಸಿಕತೆ ಏನೇ ಇರಲಿ, ಅದನ್ನು ಕಟ್ಟಿದ ಮನಸ್ಸಿಗೆ ‘ಮೋಳಿಗೆ’ ಎಂಬುದು ಆರಿಸಿಕೊಂಡ ದುಡಿಮೆಯಾಗಿತ್ತೇ ಹೊರತು ತಂದೆಯಿಂದ ಬಂದ ಕಸುಬಾಗಿರಲಿಲ್ಲ. ಆಯ್ದಕ್ಕಿ ಎಂಬ ಹೆಸರಿನ ಜಾತಿ ನಾಡಿನಲ್ಲಿ ಇಲ್ಲ. ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಹಿಂದಿರುಗಿಸಿ ಬರಬೇಕೆಂದು ಪತಿಯನ್ನು ಎಚ್ಚರಿಸಿದ ಲಕ್ಕಮ್ಮನವರ ಪ್ರಸಂಗದಲ್ಲಿ ಕಾಯಕಕ್ಕೆ ಅಳತೆಗೋಲು ಅದರ ಶುಚಿತ್ವ, ಮನಸ್ಸಿನ ನಿರಾಸೆ. ಅಲ್ಲಿ ಕುಲದ ಮಾತೇ ಏಳುವುದಿಲ್ಲ.

ಬಸವಣ್ಣನವರು ಇದೇ ತತ್ತ್ವವನ್ನು ಸೂತ್ರರೂಪಕ್ಕೆ ತಂದರು. ಕಬ್ಬಿಣ ಕಾಯಿಸುವುದರಿಂದ ಒಬ್ಬನಿಗೆ ಒಂದು ಹೆಸರು, ಬಟ್ಟೆ ಒಗೆಯುವುದರಿಂದ ಇನ್ನೊಬ್ಬನಿಗೆ ಇನ್ನೊಂದು ಹೆಸರು, ನೇಯುವುದರಿಂದ ಮಗುದೊಂದು, ವೇದ ಓದುವುದರಿಂದ ಮತ್ತೊಂದು. ಎಲ್ಲರೂ ಹುಟ್ಟುವುದು ಮಾತ್ರ ಒಂದೇ ದಾರಿಯಿಂದ - ಎಂಬರ್ಥದ ಅವರ ವಚನವು ವಾಚಕರಿಗೆ ಸುಪರಿಚಿತ. ಈ ವಚನದ ತೀಕ್ಷ್ಣತೆ ಇರುವುದು ವೇದಾಧ್ಯಯನವನ್ನೂ ಕಮ್ಮಾರಿಕೆಯ ಪಕ್ಕದಲ್ಲಿಯೇ ಒಂದು ಕಸುಬಾಗಿ ಕೂರಿಸಿದಲ್ಲಿ. ಕುಲವೆಂದರೆ ಕೆಲಸಕ್ಕೆ ಹತ್ತಿದ ಹೆಸರು, ಅಷ್ಟೆ. ಹೀಗೆಂದ ಮೇಲೆ ಶರಣರ ಹೆಸರಿನ ಮುಂದೆ ಕೆಲಸದ ಪದ ನಿಂತದ್ದರಲ್ಲಿ ಅವಮಾನವೇನೂ ಉಳಿಯದು. ಬಸವಣ್ಣನವರು ಅಷ್ಟಕ್ಕೇ ನಿಲ್ಲದೆ, ತಮ್ಮ ತಂದೆತಾಯಿಗಳನ್ನು ಚೆನ್ನಯ್ಯ ಕಕ್ಕಯ್ಯರ ಮನೆಯ ಆಳುಗಳ ಮಕ್ಕಳೆಂದು ಭಾವಿಸಿಕೊಂಡು, ತಮಗೊಂದು ಹೊಸ ವಂಶಾವಳಿಯನ್ನೇ ಬರೆದುಕೊಂಡರು. ತಾನು ನಿನಗೆ ಸಮನೆಂದು ಮೇಲಿನವನು ಕೆಳಗಿನವನಿಗೆ ಹೇಳುವುದು ಔದಾರ್ಯ; ನಿನ್ನ ಮನೆಯಲ್ಲಿ ಹುಟ್ಟಿದವನೆಂದು ಹೇಳಿಕೊಳ್ಳುವುದು ಅದಕ್ಕಿಂತ ಬಹು ದೂರ ಸಾಗಿದ ಮಾತು.

ಆದರೆ ಇಲ್ಲಿಯೇ ಒಂದು ಆಕ್ಷೇಪ ತಲೆಯೆತ್ತುತ್ತದೆ. ಅದನ್ನು ಬದಿಗೊತ್ತಿ ಮುಂದುವರಿಯುವುದು ವಿಮರ್ಶೆಗೆ ಶೋಭಿಸದು. ಮುಂದಣ ಪದವು ಬರಿಯ ಕಾಯಕಸೂಚಕವಾಗಿದ್ದಲ್ಲಿ, ಬ್ರಾಹ್ಮಣ ಮನೆತನದಿಂದ ಬಂದ ಬಸವಣ್ಣನವರ ಹೆಸರಿನ ಹಿಂದೆ ಮುಂದೆ ಅವರ ಹುಟ್ಟಿನ ಗುರುತು ಏಕಿಲ್ಲ? ಕಲ್ಯಾಣದಲ್ಲಿ ಅವರು ಭಂಡಾರದ ಅಧಿಕಾರದಲ್ಲಿದ್ದರು. ‘ಭಂಡಾರಿ’ ಎಂಬ ಕಾಯಕದ ಹೆಸರು ಅವರಿಗುಂಟು, ಕುಲದ ಹೆಸರಿಲ್ಲ. ಮೇಲಿನಿಂದ ಬಂದವರ ಕುಲಪದ ಅಳಿದುಹೋಗಿ, ಕೆಳಗಿನಿಂದ ಬಂದವರ ಕುಲಪದ ಮಾತ್ರ ಎಂಟು ಶತಮಾನ ಉಳಿದುಕೊಂಡಿತೇಕೆ? ಭಕ್ತಿಯಿಂದ ಓದುವವರು ಈ ಪ್ರಶ್ನೆಗೆ ನೊಂದುಕೊಳ್ಳಬೇಕಾದುದಿಲ್ಲ. ಉತ್ತರವನ್ನು ವಚನಗಳಲ್ಲಿಯೇ ಹುಡುಕಬಹುದು.

ಶರಣರು ತಮ್ಮನ್ನು ತಾವು ಕರೆದುಕೊಂಡ ಹೆಸರು ಬೇರೆ, ಇತರರು ಅವರನ್ನು ಕರೆದ ಹೆಸರು ಬೇರೆ. ತಾವು ಕರೆದುಕೊಂಡದ್ದಕ್ಕೆ ನಂಬತಕ್ಕ ಆಧಾರವೆಂದರೆ ಅಂಕಿತ. ಸಂಪುಟದ ಶೀರ್ಷಿಕೆಯಲ್ಲಿರುವ ಹೆಸರನ್ನು ಕೂಡಿಸಿದವರು ಸಂಕಲನಕಾರರು, ಪುರಾಣಕಾರರು, ಪರಂಪರೆ. ಅಂಕಿತವು ವಚನಕಾರರ ಸ್ವಂತ ಕೈಬರಹವಿದ್ದಂತೆ. ಈ ಎರಡನ್ನೂ ಎದುರುಬದುರಾಗಿ ಇಟ್ಟು ನೋಡಿದಾಗ ಗಮನಾರ್ಹವಾದ ಸಂಗತಿಗಳು ಹೊರಬೀಳುತ್ತವೆ.

ಡೋಹರ ಕಕ್ಕಯ್ಯನವರ ಅಂಕಿತ ‘ಅಭಿನವ ಮಲ್ಲಿಕಾರ್ಜುನ’. ಅದರಲ್ಲಿ ತೊಗಲಿನ ಕೆಲಸದ ಸುಳಿವಿಲ್ಲ, ಕುಲದ ಸುಳಿವೂ ಇಲ್ಲ. ಮಡಿವಾಳ ಮಾಚಯ್ಯನವರದು ‘ಕಲಿದೇವರದೇವ’. ಮಾದಾರ ಧೂಳಯ್ಯನವರದು ‘ಕಾಮಧೂಮ ಧೂಳೇಶ್ವರ’. ಇವರ ಹೆಸರಿನ ಮುಂದಣ ಪದವನ್ನು ಅಂಕಿತವು ಬೆಂಬಲಿಸುವುದಿಲ್ಲ. ಮಾದಾರ ಚೆನ್ನಯ್ಯನವರ ಅಂಕಿತವಾದರೋ ಅಪೂರ್ವವಾದುದು. ಅದರಲ್ಲಿ ಕೈಯುಳಿ, ಕತ್ತಿ, ಅಡಿಗೂಂಟಗಳು ಬರುತ್ತವೆ. ಅವುಗಳೊಡನೆಯೇ ನಿಜಾತ್ಮರಾಮನೂ ಬರುತ್ತಾನೆ. ಜಾತಿಯ ಹೆಸರಿಲ್ಲ, ಕಸುಬಿನ ಹತ್ಯಾರಗಳಿವೆ. ತಮ್ಮನ್ನು ತಾವು ಗುರುತಿಸಿಕೊಳ್ಳಲು ಹೊರಟಾಗ ಚೆನ್ನಯ್ಯನವರು ಆರಿಸಿಕೊಂಡದ್ದು ಕೈಯಲ್ಲಿರುವ ಉಳಿಯನ್ನು, ಕೇರಿಯ ಹೆಸರನ್ನಲ್ಲ. ಮೇಲೆ ಹೇಳಿದ ವ್ಯಾಕರಣದ ಭೇದವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಅವರು ಅರಿತಿದ್ದರೆಂಬಂತಿದೆ ಈ ಆಯ್ಕೆ.

ಇದಕ್ಕೆ ಅಪವಾದದಂತೆ ಕಾಣುವವರು ಅಂಬಿಗರ ಚೌಡಯ್ಯನವರು. ಇತರ ವಚನಕಾರರು ಇಷ್ಟದೈವದ ಹೆಸರನ್ನು ಇರಿಸುವ ಎಡೆಯಲ್ಲಿ ಅವರು ತಮ್ಮ ಹೆಸರನ್ನೇ, ಅದೂ ‘ಅಂಬಿಗರ’ ಎಂಬ ಜನವಾಚಕ ಪದದೊಡನೆಯೇ ಇರಿಸಿದರು. ಕೂಡಲಸಂಗಮದೇವನ, ಗುಹೇಶ್ವರನ, ಚೆನ್ನಮಲ್ಲಿಕಾರ್ಜುನನ ಸ್ಥಾನದಲ್ಲಿ ದೋಣಿ ನಡೆಸುವವನ ಹೆಸರು ನಿಂತಾಗ, ಸಮಾಜವು ಕೀಳೆಂದು ಉಚ್ಚರಿಸುತ್ತಿದ್ದ ಪದವು ವಚನದ ಮುದ್ರೆಯೇ ಆಯಿತು. ಅವರ ವಚನಗಳ ಬಿರುನುಡಿಗೆ ಈ ಅಂಕಿತದಿಂದ ಬಂದ ಬಲ ಸಾಮಾನ್ಯವಾದುದಲ್ಲ. ಡಾಂಭಿಕನನ್ನು ಜರೆದ ಮಾತಿನ ಕೊನೆಗೆ, ಜರೆದವನು ಒಬ್ಬ ಅಂಬಿಗನೆಂಬ ಸಹಿ ಬಿದ್ದಾಗ ಆ ಮಾತಿನ ಪೆಟ್ಟು ಇಮ್ಮಡಿಸುತ್ತದೆ. ಪದವನ್ನು ಮರೆಮಾಚುವುದು ಒಂದು ಮಾರ್ಗ. ಪದವನ್ನು ತಾನೇ ಎತ್ತಿ ಹಿಡಿದು ಅದರ ಅರ್ಥವನ್ನು ತಿರುಗಿಸುವುದು ಇನ್ನೊಂದು. ಚೌಡಯ್ಯನವರು ಎರಡನೆಯದನ್ನು ಹಿಡಿದರು. ಎರಡರಲ್ಲಿಯೂ ಆಯ್ಕೆ ಶರಣರದೇ ಎಂಬುದು ಮುಖ್ಯ.

ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆಯವರ ಒಂದು ವಚನವು ಈ ಸಂದರ್ಭದಲ್ಲಿ ಮನನೀಯ. ಕುರಿ, ಕೋಳಿ, ಮೀನುಗಳನ್ನು ತಿನ್ನುವವರು ಕುಲವಂತರೆನಿಸಿಕೊಳ್ಳುತ್ತಾರೆ, ದನವನ್ನು ತಿನ್ನುವವರು ಮಾತ್ರ ಕೀಳೆನಿಸಿಕೊಳ್ಳುತ್ತಾರೆ. ಇದು ಯಾವ ನ್ಯಾಯವೆಂದು ಅವರು ಕೇಳುತ್ತಾರೆ. ತಮ್ಮವರ ಆಹಾರವನ್ನು ಅವರು ಬಚ್ಚಿಡುವುದಿಲ್ಲ, ಕ್ಷಮೆ ಬೇಡುವುದಿಲ್ಲ. ಅಳೆಯುವವನ ಅಳತೆಗೋಲನ್ನೇ ಕೈಗೆ ತೆಗೆದುಕೊಂಡು ಅದು ಡೊಂಕೆಂದು ತೋರಿಸುತ್ತಾರೆ. ಕಕ್ಕಯ್ಯನವರ ಧ್ವನಿ ಬೇರೆ. ಕೀಳೆನಿಸಿದ ಕುಲದಲ್ಲಿ ಹುಟ್ಟಿದ ಸಂಕಟವನ್ನು ಲಿಂಗದೆದುರು ತೋಡಿಕೊಂಡು, ಬಸವಣ್ಣನವರ ಸಂಗದಿಂದ ಅದು ಕಳೆಯಿತೆಂದು ಅವರು ನೆಮ್ಮದಿ ತಾಳುತ್ತಾರೆ. ಒಬ್ಬರದು ತರ್ಕ, ಇನ್ನೊಬ್ಬರದು ವೇದನೆ. ಇವೆರಡನ್ನೂ ‘ಜಾತಿವಿರೋಧ’ ಎಂಬ ಒಂದೇ ಶೀರ್ಷಿಕೆಯಡಿ ಸೇರಿಸಿ ಮುಗಿಸುವ ಪಠ್ಯಪುಸ್ತಕ ಪದ್ಧತಿಯು ಇಬ್ಬರಿಗೂ ಅನ್ಯಾಯ ಮಾಡುತ್ತದೆ.

ವಚನಗಳಲ್ಲಿ ಹೀಗೆ ಶರಣರ ವಶದಲ್ಲಿದ್ದ ಹೆಸರು ಪುರಾಣಗಳಲ್ಲಿ ಬೇರೊಂದು ಗತಿಯನ್ನು ಪಡೆಯಿತು. ಹರಿಹರನು ಮಾದಾರ ಚೆನ್ನಯ್ಯನವರ ರಗಳೆಯಲ್ಲಿ, ಗುಟ್ಟಾಗಿ ಶಿವನಿಗೆ ಅಂಬಲಿಯನ್ನು ನಿವೇದಿಸುವ ಭಕ್ತನನ್ನು ಅತ್ಯಂತ ಹೃದ್ಯವಾಗಿ ಚಿತ್ರಿಸಿದ್ದಾನೆ. ಅಂತಹ ಕಾವ್ಯದ ಪ್ರಭಾವ ನಾಡಿನ ಮೇಲೆ ಅಪಾರ. ಆದರೆ ಪುರಾಣ ಪರಂಪರೆಯು ಬೆಳೆದಂತೆ, ಶರಣರೆಲ್ಲರೂ ಕೈಲಾಸದಿಂದ ಕಾರಣಾಂತರದಿಂದ ಧರೆಗಿಳಿದ ಗಣಂಗಳೆಂಬ ಕಲ್ಪನೆ ದೃಢವಾಯಿತು. ಭಕ್ತಿಗೆ ಇದು ಹಿತವಾದರೂ ಸಮಾಜ ವಿಮರ್ಶೆಗೆ ಇದರಿಂದ ನಷ್ಟವಾಯಿತೆನ್ನಬೇಕು. ಶರಣನು ಮೊದಲೇ ದೇವಗಣವಾಗಿದ್ದರೆ, ಮಾದಾರ ಕೇರಿಯ ಹುಟ್ಟು ಅವನಿಗೆ ಕೆಲಕಾಲ ತೊಟ್ಟ ವೇಷವಷ್ಟೆ. ಆಗ ಅವನನ್ನು ಪೂಜಿಸಲು ಕೇರಿಯನ್ನು ಗೌರವಿಸಬೇಕಾದ ಅಗತ್ಯ ಬೀಳುವುದಿಲ್ಲ. ಹೆಸರಿನ ಮುಂದಣ ಪದ ಕಥೆಗೆ ಅಚ್ಚರಿಯನ್ನು ಕೂಡಿಸುವ ಅಲಂಕಾರವಾಗುತ್ತದೆ; ಕೇರಿಯಲ್ಲಿ ಉಳಿದವರ ಬಾಳು ಇದ್ದಂತೆಯೇ ಇರುತ್ತದೆ.

ಈ ಅಪಾಯ ಕನ್ನಡ ನಾಡಿಗೆ ಮಾತ್ರ ಸೀಮಿತವಾದುದಲ್ಲ. ನೆರೆಯ ಮಹಾರಾಷ್ಟ್ರದ ವಾರಕರಿ ಸಂತರಲ್ಲಿಯೂ ಗೋರಾ ಕುಂಭಾರ, ಸಾವತಾ ಮಾಳಿ, ನರಹರಿ ಸೋನಾರ ಎಂದು ಕಸುಬಿನೊಡನೆ ಕೂಡಿದ ಹೆಸರುಗಳಿವೆ. ಮಹಾರ ಸಮುದಾಯದ ಚೋಖಾಮೇಳರ ಅಭಂಗಗಳನ್ನು ಪಂಢರಪುರದ ದಾರಿಯುದ್ದಕ್ಕೂ ಹಾಡಿದ ಸಮಾಜವೇ, ಅವರ ಜನರನ್ನು ವಿಠ್ಠಲನ ಗುಡಿಯ ಹೊರಗೆ ನಿಲ್ಲಿಸಿತ್ತು. ಆ ಬಾಗಿಲು ತೆರೆದುದು 1947ರಲ್ಲಿ, ಸಾನೆ ಗುರೂಜಿಯವರು ಉಪವಾಸ ಕೈಗೊಂಡ ಮೇಲೆ. ಹೆಸರನ್ನು ಹಾಡುವುದಕ್ಕೂ ಬಾಗಿಲನ್ನು ತೆರೆಯುವುದಕ್ಕೂ ನಡುವೆ ಶತಮಾನಗಳೇ ಸಂದುಹೋದವು.

ಕಲ್ಯಾಣದ ಶರಣರು ಗುಡಿಯ ಬಾಗಿಲಿಗಿಂತ ಗಟ್ಟಿಯಾದ ಇನ್ನೊಂದು ಬಾಗಿಲನ್ನು ಮುಟ್ಟಿದರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ನಡೆದ ವಿವಾಹ, ಅದರಿಂದ ಕೆರಳಿದ ಬಿಜ್ಜಳನ ಆಸ್ಥಾನ, ಇಬ್ಬರೂ ತಂದೆಯರಿಗೆ ಒದಗಿದ ಘೋರ ಶಿಕ್ಷೆ - ಈ ವೃತ್ತಾಂತದ ವಿವರಗಳಲ್ಲಿ ಕಾವ್ಯಗಳು ಒಂದನ್ನೊಂದು ಹೋಲುವುದಿಲ್ಲ. ಆದರೂ ನಾಡಿನ ನೆನಪು ಕಲ್ಯಾಣದ ಕ್ರಾಂತಿಯನ್ನು ಈ ಒಂದು ಮದುವೆಯೊಡನೆಯೇ ಬೆಸೆದಿರುವುದು ಅರ್ಥಪೂರ್ಣವಾಗಿದೆ. ಒಟ್ಟಿಗೆ ಕುಳಿತು ಅನುಭಾವ ನಡೆಸಿದಾಗ ಸಮಾಜ ಗೊಣಗಿತು. ಒಟ್ಟಿಗೆ ಪ್ರಸಾದ ಸ್ವೀಕರಿಸಿದಾಗ ಮುನಿಯಿತು. ಹೆಣ್ಣು ಕೊಟ್ಟು ತಂದಾಗ ಮಾತ್ರ ಕತ್ತಿ ಹಿರಿಯಿತು. ಜಾತಿಯ ಮರ್ಮಸ್ಥಾನ ಎಲ್ಲಿದೆಯೆಂಬುದನ್ನು ಈ ನೆನಪು ತಪ್ಪದೆ ತೋರಿಸುತ್ತದೆ.

ಇದೇ ನಿರ್ಣಯಕ್ಕೆ ಆಧುನಿಕ ಶಾಸ್ತ್ರದ ದಾರಿಯಿಂದ ಬಂದವರು ಡಾ. ಬಿ. ಆರ್. ಅಂಬೇಡ್ಕರ್ ಅವರು. 1916ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಅವರು, ತನ್ನೊಳಗೇ ಮದುವೆಯಾಗುವ ನಿಯಮವೇ ಜಾತಿಯ ಜೀವಾಳವೆಂದು ಪ್ರತಿಪಾದಿಸಿದರು. 1936ರಲ್ಲಿ ಲಾಹೋರಿನ ಜಾತ್‌ ಪಾತ್ ತೋಡಕ್ ಮಂಡಲಕ್ಕಾಗಿ ಸಿದ್ಧಪಡಿಸಿದ ಭಾಷಣವನ್ನು, ಅದರ ಅಭಿಪ್ರಾಯಗಳನ್ನು ಸಹಿಸಲಾರದೆ ಮಂಡಲವು ಅಧಿವೇಶನವನ್ನೇ ರದ್ದುಗೊಳಿಸಿದ್ದರಿಂದ, ಅವರು ತಾವೇ ಅಚ್ಚು ಹಾಕಿಸಿದರು. ‘ಜಾತಿ ವಿನಾಶ’ ಎಂದು ಕನ್ನಡದಲ್ಲಿ ಪ್ರಸಿದ್ಧವಾಗಿರುವ ಆ ಕೃತಿಯ ವಾದಗಳಲ್ಲಿ ಮೂರು ಇಲ್ಲಿ ಪ್ರಸ್ತುತ. ಜಾತಿಯು ಕೆಲಸವನ್ನು ಹಂಚಿದ್ದಲ್ಲ, ಕೆಲಸಗಾರರನ್ನೇ ಒಡೆದು ಒಬ್ಬರ ಮೇಲೊಬ್ಬರನ್ನು ಅಟ್ಟ ಕಟ್ಟಿದ್ದು. ಸಹಭೋಜನದಿಂದ ಅದು ಸಡಿಲಗೊಳ್ಳದು, ಸಹವಿವಾಹವೇ ನಿಜವಾದ ಮದ್ದು. ಆ ವಿವಾಹವನ್ನು ತಡೆಯುವ ಶಾಸ್ತ್ರಪ್ರಾಮಾಣ್ಯದ ನಂಬಿಕೆ ಅಳಿಯದೆ ಮದ್ದು ಮೈಗೆ ಹತ್ತದು.

ಈ ಮೊದಲ ವಾದದ ಬೆಳಕಿನಲ್ಲಿ ಕಾಯಕತತ್ತ್ವವನ್ನು ಮತ್ತೊಮ್ಮೆ ಪರಿಶೀಲಿಸಬೇಕಾಗುತ್ತದೆ. ಎಲ್ಲ ಕಾಯಕವೂ ಸಮಾನವೆಂಬ ಮಾತನ್ನು, ಅವರವರು ತಮ್ಮ ತಮ್ಮ ಪಾರಂಪರಿಕ ಕಸುಬಿನಲ್ಲಿಯೇ ತೃಪ್ತರಾಗಿರಬೇಕೆಂಬ ಉಪದೇಶವಾಗಿ ತಿರುಚುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಮಲ ಹೊರುವ ಅನಿಷ್ಟ ಪದ್ಧತಿಯನ್ನು ನಿಷೇಧಿಸಲು ಈ ದೇಶಕ್ಕೆ 1993ರಲ್ಲಿ ಒಂದು ಶಾಸನ, 2013ರಲ್ಲಿ ಇನ್ನೊಂದು ಶಾಸನ ಬೇಕಾಯಿತು. ಅಂತಹ ದುಡಿಮೆಗೆ ತಲೆಮಾರುಗಳಿಂದ ತಳ್ಳಲ್ಪಟ್ಟವರ ಮುಂದೆ ನಿಂತು ಕಾಯಕವೇ ಕೈಲಾಸವೆಂದು ನುಡಿಯುವುದು ಶರಣರ ಮಾತನ್ನು ಶರಣರ ವಿರುದ್ಧವೇ ಬಳಸಿದಂತೆ. ಆಯ್ದಕ್ಕಿ ಮಾರಯ್ಯನವರ ಬಾಯಲ್ಲಿ ಆ ನುಡಿಗೆ ಬೆಲೆ ಬಂದದ್ದು, ಮೋಳಿಗೆಯ ಮಾರಯ್ಯನವರು ಹೊರೆಯನ್ನು ಆರಿಸಿಕೊಂಡಂತೆ ಕಾಯಕವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ, ಅದರ ಫಲದಲ್ಲಿ ಎಲ್ಲರಿಗೂ ದಾಸೋಹದ ಪಾಲೂ ಅಲ್ಲಿದ್ದುದರಿಂದ. ಇವೆರಡನ್ನೂ ಕಳೆದರೆ ಕಾಯಕದಲ್ಲಿ ಉಳಿಯುವುದು ಬಿಟ್ಟಿ ಚಾಕರಿ.

‘ಹಡಪದ’ ಎಂಬ ಒಂದೇ ಪದದ ಚರಿತ್ರೆಯು ಈ ಕುಸಿತವನ್ನು ಸ್ಪಷ್ಟಪಡಿಸಬಲ್ಲದು. ಬಸವಣ್ಣನವರ ಆಪ್ತರಾಗಿ ಎಲೆಯಡಿಕೆಯ ಸಂಚಿಯನ್ನು ಹಿಡಿದ ಅಪ್ಪಣ್ಣನವರ ಹೆಸರಿನಲ್ಲಿ ಅದು ವಸ್ತುವಾಚಕ. ಇಂದು ಅದೇ ಪದ ಕ್ಷೌರಿಕ ವೃತ್ತಿಯ ಒಂದು ಸಮುದಾಯದ ಹೆಸರಾಗಿ ಜಾತಿಪಟ್ಟಿಯಲ್ಲಿದೆ. ಕೈಯಲ್ಲಿದ್ದ ಸಂಚಿ ರಕ್ತಸಂಬಂಧದ ಗುರುತಾಗಿ ಮಾರ್ಪಟ್ಟಿತು. ಪದ ತಾನಾಗಿ ಬದಲಾಗಲಿಲ್ಲ. ಹೆಣ್ಣು ಕೊಟ್ಟು ತರುವ ವ್ಯವಹಾರ ಒಂದು ಆವರಣದೊಳಗೆ ಮುಚ್ಚಿಕೊಂಡಾಗ, ಆ ಆವರಣದ ಬಾಗಿಲಿಗೆ ಹಾಕಿದ ಫಲಕವಾಯಿತು, ಅಷ್ಟೆ. ಶರಣಧರ್ಮವನ್ನು ಅಪ್ಪಿಕೊಂಡ ಸಮಾಜವೂ ಕಾಲಕ್ರಮದಲ್ಲಿ ಪಂಚಮಸಾಲಿ, ಬಣಜಿಗ, ಸಾದರ, ನೊಣಬ, ಗಾಣಿಗ, ಜಂಗಮ ಎಂಬ ಒಳಪಂಗಡಗಳಾಗಿ ಒಡೆದು, ಒಬ್ಬರೊಡನೊಬ್ಬರು ಬೀಗತನ ಬೆಳೆಸಲು ಹಿಂಜರಿದ ಸಂಗತಿ ಯಾರಿಗೂ ಅಪರಿಚಿತವಲ್ಲ. ಇಷ್ಟಲಿಂಗ ಒಂದೇ, ವಿಭೂತಿ ಒಂದೇ. ಹಂದರ ಮಾತ್ರ ಬೇರೆ ಬೇರೆ.

ಹೆಸರಿಡುವ ಅಧಿಕಾರ ಯಾರದೆಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದಲ್ಲಿಯೂ ಮರುಕಳಿಸಿತು. ಗಾಂಧೀಜಿಯವರು ಮೂವತ್ತರ ದಶಕದ ಆರಂಭದಲ್ಲಿ ‘ಹರಿಜನ’ ಎಂಬ ಪದವನ್ನು ಬಳಕೆಗೆ ತಂದರು. 1933ರಲ್ಲಿ ಆ ಹೆಸರಿನ ಪತ್ರಿಕೆಯನ್ನೂ ಆರಂಭಿಸಿದರು. ಅವರ ಉದ್ದೇಶ ಶುದ್ಧವಾದುದು. ಆದರೆ ಆ ಪದವನ್ನು ಹೊತ್ತವರು ಅದನ್ನು ಕೇಳಿ ಪಡೆದಿರಲಿಲ್ಲ. ಅಂಬೇಡ್ಕರ್ ಅವರು ಅದನ್ನು ಒಪ್ಪಲಿಲ್ಲ. ಎಪ್ಪತ್ತರ ದಶಕದಲ್ಲಿ ಕರ್ನಾಟಕದಲ್ಲಿ ಸಂಘಟಿತರಾದ ಯುವಜನರು ತಮ್ಮನ್ನು ‘ದಲಿತ’ರೆಂದು ಕರೆದುಕೊಂಡರು. ತುಳಿಯಲ್ಪಟ್ಟವರೆಂಬ ಅರ್ಥದ ಆ ಪದ ಮಧುರವಲ್ಲ, ಆದರೆ ಅದು ಅವರದೇ. ಚೌಡಯ್ಯನವರ ಅಂಕಿತಕ್ಕೂ ಈ ಆಯ್ಕೆಗೂ ನಡುವಣ ಸಾದೃಶ್ಯ ಸೂಕ್ಷ್ಮಮತಿಗಳಿಗೆ ಹೊಳೆಯದಿರದು.

ಸಂವಿಧಾನವು 1950ರಲ್ಲಿ ಜಾರಿಗೆ ಬಂದು ತನ್ನ 17ನೆಯ ಅನುಚ್ಛೇದದ ಮೂಲಕ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1954ರ ವಿಶೇಷ ವಿವಾಹ ಕಾಯಿದೆಯು ಮತಧರ್ಮಗಳ ಹಂಗಿಲ್ಲದೆ ಮದುವೆಯಾಗಲು ಅವಕಾಶ ಕಲ್ಪಿಸಿತು. ಕುವೆಂಪು ಅವರು ಮಂತ್ರಮಾಂಗಲ್ಯವೆಂಬ ಸರಳ ವಿವಾಹ ವಿಧಿಯನ್ನು ಕನ್ನಡಿಗರಿಗೆ ಕೊಟ್ಟರು. ಇಷ್ಟಾದರೂ 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಅಂತರ್ಜಾತಿ ವಿವಾಹಗಳೆಂದು ಕಂಡುಬಂದವು ನೂರಕ್ಕೆ ಐದರಷ್ಟು ಮಾತ್ರ. ಕಾನೂನು ತಡೆಯನ್ನು ತೆಗೆಯಬಲ್ಲದು. ಬೀಗತನವನ್ನು ಬೆಳೆಸಬೇಕಾದವರು ಮನೆಯ ಹಿರಿಯರು.

ಈಗ ಸರ್ಕಾರವು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಮೊದಲಾದ ಕಾಯಕ ಶರಣರ ಜಯಂತಿಯನ್ನೂ, ಚೌಡಯ್ಯ, ಮಾಚಯ್ಯ, ಅಪ್ಪಣ್ಣನವರ ಜಯಂತಿಗಳನ್ನೂ ಆಚರಿಸುತ್ತಿದೆ. ಬಹುಕಾಲ ಮೂಲೆಯಲ್ಲಿದ್ದ ಹೆಸರುಗಳು ಸಭಾಮಂಟಪಕ್ಕೆ ಬಂದುದು ಸಂತೋಷದ ಸಂಗತಿ. ಆಯಾ ಸಮುದಾಯದವರಿಗೆ ಇದರಿಂದ ದೊರೆಯುವ ಆತ್ಮಗೌರವ ಅಲ್ಪವಾದುದಲ್ಲ, ಅದನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಚೌಡಯ್ಯನವರ ಜಯಂತಿಗೆ ಅಂಬಿಗರೇ, ಮಾಚಯ್ಯನವರ ಜಯಂತಿಗೆ ಮಡಿವಾಳರೇ ಸೇರಿ, ಉಳಿದವರು ಅತ್ತ ಸುಳಿಯದಿದ್ದರೆ, ಶರಣರನ್ನು ಮತ್ತೆ ಅವರವರ ಕೇರಿಗಳಿಗೆ ಕಳುಹಿಸಿಕೊಟ್ಟಂತಾಗುತ್ತದೆ. ಆ ತಪ್ಪು ಸೇರಿದವರದಲ್ಲ, ಸೇರದೆ ಉಳಿದವರದು.

ಹೆಸರುಗಳನ್ನು ತಿದ್ದಬೇಕೆಂದು ಇದರ ತಾತ್ಪರ್ಯವಲ್ಲ. ಎಂಟು ಶತಮಾನಗಳ ರೂಢಿಯನ್ನು ಅಳಿಸಿ ‘ಮಾದಾರ’ ಎಂಬುದನ್ನು ಅನುಕ್ರಮಣಿಕೆಯಿಂದ ಕಿತ್ತರೆ, ಕಿತ್ತವರ ಮುಜುಗರ ತೀರುವುದೇ ಹೊರತು ಬೇರೇನೂ ಆಗದು. ಸಂಪಾದಕರು ಪ್ರತಿಯೊಬ್ಬ ವಚನಕಾರರ ರೂಢಿಯ ಹೆಸರಿನೊಡನೆ ಅಂಕಿತವನ್ನೂ ಅಷ್ಟೇ ದಪ್ಪಕ್ಷರದಲ್ಲಿ ಮುದ್ರಿಸಲಿ. ಬೋಧಕರು ಕರೆದುಕೊಂಡ ಹೆಸರಿಗೂ ಕರೆಸಿಕೊಂಡ ಹೆಸರಿಗೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ತಿಳಿಸಿಕೊಡಲಿ. ಸಾಮೂಹಿಕ ವಿವಾಹಗಳನ್ನು ನಡೆಸುವ ಮಠಗಳು ಒಂದೇ ಹಂದರದಡಿ ಎಷ್ಟು ಜೋಡಿಗಳು ಕುಳಿತವೆಂಬುದರ ಜೊತೆಗೆ, ಅವುಗಳಲ್ಲಿ ಎಷ್ಟು ಜೋಡಿಗಳು ಕುಲದ ಗೆರೆಯನ್ನು ದಾಟಿದವೆಂಬ ಲೆಕ್ಕವನ್ನೂ ಇರಿಸಲಿ. ಹರಳಯ್ಯ ಮಧುವರಸರಿಗೆ ನಿತ್ಯವೂ ಶರಣೆನ್ನುವ ಮನೆಗಳು, ಮಗನಿಗೆ ಹೆಣ್ಣು ನೋಡುವಾಗ, ಮಗಳಿಗೆ ವರ ಹುಡುಕುವಾಗ, ಆ ಇಬ್ಬರು ತಂದೆಯರನ್ನು ಒಮ್ಮೆ ನೆನೆಯಲಿ.